ಹನ್ನೊಂದು ಜನರ ಒಂದೇ ವಿಳಾಸ

ಹೊಳೆಯ ದಂಡೆಯ ಮೇಲೆ ಒಂದು ಚಿತ್ರಶಾಲೆ. ಊರಿನ ಮಹಿಳಾ ಚಿತ್ರಕಾರರ ಸಂಘದ ಕಚೇರಿಯೂ ಅದೇ. ಅಲ್ಲಿ ಪಂಕಜಾಕ್ಷಮ್ಮ ಗುರು, ವಿಶಾಲು ಶಿಷ್ಯೆ. ಹುಡುಗಿಯ ಕೈ ಚುರುಕು, ಅನುಮಾನ ಅದಕ್ಕಿಂತ ಚುರುಕು.

ಸಂಘದ ಐವತ್ತು ವರ್ಷದ ಸದಸ್ಯರ ದಾಖಲೆ ಪತ್ರಾಗಾರಕ್ಕೆ ಹೋಗಬೇಕಿತ್ತು. ಹಳೆಯ ಅರ್ಜಿಗಳನ್ನು ನೋಡಿ ಶುದ್ಧಪ್ರತಿ ಬರೆಯುವ ಕೆಲಸವನ್ನು ಗುರು ವಿಶಾಲುಗೆ ಒಪ್ಪಿಸಿದರು. ಅರ್ಜಿಗಳನ್ನು ಗೆದ್ದಲು ಹಿಡಿದಿತ್ತು. ಶುದ್ಧಪ್ರತಿಯಲ್ಲಿ ಬಿಟ್ಟುಹೋದ ಹೆಸರು ಇನ್ನೆಲ್ಲೂ ಉಳಿಯುವಂತಿರಲಿಲ್ಲ.

ಮೊದಲ ವರ್ಷದ ಕಟ್ಟು ಬಿಚ್ಚಿದಾಗಲೇ ವಿಶಾಲುಗೆ ಏನೋ ಸರಿಯಿಲ್ಲ ಅನ್ನಿಸಿತು. ಹನ್ನೊಂದು ಅರ್ಜಿಗಳಲ್ಲಿ ಒಂದೇ ವಿಳಾಸ. ಅದು ಪಂಕಜಾಕ್ಷಮ್ಮನವರ ಸ್ವಂತ ಮನೆಯದು.

ಸಂಘದ ನೋಂದಣಿಗೆ ಇಷ್ಟು ಜನ ಬೇಕೆಂಬ ನಿಯಮವಿತ್ತು. ತಲೆ ಎಣಿಕೆಗಾಗಿ ಗುರುವೇ ಹೆಸರು ಹುಟ್ಟಿಸಿರಬೇಕು ಎಂದು ಅವಳಿಗೆ ತೋರಿತು. ಆಮೇಲೆ ಕೇಳಬೇಕೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗುರು ಕೊಟ್ಟ ಕಾಫಿ ಕುಡಿಯುವಾಗಲೂ ಅವರ ಮುಖವನ್ನೇ ಅಳೆಯುತ್ತಿದ್ದಳು.

ಹೇಳದೆ ಕೇಳದೆ ಊರಲ್ಲಿ ವಿಚಾರಿಸಿದಳು. ಹನ್ನೊಂದು ಜನರಲ್ಲಿ ಶಾಂಭವಿ ಎಂಬವರ ಸೊಸೆ ಸಿಕ್ಕಿದಳು. ನಮ್ಮತ್ತೆ ಕುಂಚ ಹಿಡಿದದ್ದನ್ನು ಮನೆಯಲ್ಲಿ ಯಾರೂ ಕಂಡಿಲ್ಲ, ಗುರುವಾರ ಗುರುವಾರ ಯಾರದೋ ಮನೆಗೆ ಹಪ್ಪಳ ಒತ್ತಲು ಹೋಗುತ್ತಿದ್ದರು ಅಷ್ಟೆ, ಎಂದಳು ಆಕೆ.

ವಿಶಾಲುಗೆ ಅಷ್ಟು ಸಾಕಾಯಿತು. ಕೆಂಪು ಶಾಯಿಯ ಪೆನ್ನು ಹಿಡಿದು ಗುರುವಿನ ಎದುರು ಕೂತಳು.

"ಅಮ್ಮ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನೀವೇ ಹೇಳಿಕೊಟ್ರಿ. ನೋಡಿದೆ. ಈ ಹನ್ನೊಂದು ಹೆಸರೂ ಸುಳ್ಳು. ಹೊಡೆದುಹಾಕಲಾ?"

ಗುರು ಬಣ್ಣ ಅರೆಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಶಾಂಭವಿ ಹಪ್ಪಳ ಒತ್ತೋಕೆ ಬರ್ತಿದ್ದದ್ದು ನಮ್ಮನೆಗೇ" ಎಂದರು. "ನಮ್ಮನೇಲಿ ಹಪ್ಪಳದ ಮಣೆಯೇ ಇರಲಿಲ್ಲ ಕಣೇ."

ಸಿಕ್ಕಿಬಿದ್ದವರು ಹೀಗೇ ಕಥೆ ಕಟ್ಟುತ್ತಾರೆ ಎಂದುಕೊಂಡಳು ವಿಶಾಲು. ಗುರುವಿನ ಬಗ್ಗೆ ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ನೋವಾಯಿತು. ಆದರೂ ಪೆನ್ನು ಕೆಳಗಿಡಲಿಲ್ಲ.

ಹೆಸರು ಹೊಡೆಯುವ ಅಧಿಕಾರ ಸದಸ್ಯರಿಗೆ ಮಾತ್ರ, ನೀನಿನ್ನೂ ಸದಸ್ಯೆಯಲ್ಲ ಎಂದು ಹೇಳಿ, ಗುರು ಒಂದು ಖಾಲಿ ಅರ್ಜಿಯನ್ನು ಅವಳ ಕಡೆ ಸರಿಸಿದರು. ಮೂರು ವರ್ಷದಿಂದ ವಿಶಾಲು ಆಸೆಪಟ್ಟು ಕಾದಿದ್ದ ಅರ್ಜಿ ಅದು. ಹೆಸರು ಬರೆದಳು. ವಯಸ್ಸು ಬರೆದಳು.

"ವಿಳಾಸ ಸರಿಯಾಗಿ ಬರಿ" ಎಂದರು ಗುರು. "ಸಂಘದ ಕಾಗದವೆಲ್ಲ ಅಲ್ಲಿಗೇ ಬರುತ್ತೆ. ಅಂಚೆಯವನ ಹತ್ರ ಯಾರು ಇಸ್ಕೊಳ್ತಾರೆ?"

"ಅಪ್ಪ."

"ಮನೇಲಿ ಏನು ಹೇಳಿ ಇಲ್ಲಿಗೆ ಬರ್ತೀಯ?"

ವಿಶಾಲು ತಲೆ ಎತ್ತಲಿಲ್ಲ. "ಹೊಲಿಗೆ ಕ್ಲಾಸು ಅಂತ."

ಗುರು ಅರೆದ ಬಣ್ಣವನ್ನು ಚಿಪ್ಪಿಗೆ ತುಂಬಿದರು. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ವಿಶಾಲುಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅಮ್ಮ, ನಿಮ್ಮ ಮನೆ ವಿಳಾಸ ಬರೀಲಾ?"

"ಬರಿ. ಈಗ ನಿನಗೂ ಅಧಿಕಾರ ಬಂತು. ಹೊಡೆಯೋದಾದ್ರೆ ಹನ್ನೆರಡು ಹೆಸರೂ ಹೊಡಿ."