ಗಾಳೆಪ್ಪ ರಕ್ತ ನಿಲ್ಲಿಸಿದ್ದು

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕು ಅಂತ ದೇವರಿಗೆ ಹರಕೆ ಹೊರುವವರು ಒಮ್ಮೆ ಹುಲಿಗೆವ್ವನನ್ನು ಕೇಳಿ ನೋಡಬೇಕು. ಅವಳ ಮಗ ಗಾಳೆಪ್ಪನಿಗೆ ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಗಂಡ ಯಂಕಪ್ಪ ಸನಾದಿ ಊದುವವನು. ಬಾಯಿಂದ ಸನಾದಿ ಇಳಿಸಿದರೆ ಬೀಡಿ. ಈಗ ಮುಂದಿನ ಹಲ್ಲು ಅಲ್ಲಾಡುತ್ತಿದ್ದವು, ಮದುವೆ ಮನೆಯಲ್ಲಿ ಸ್ವರ ಜಾರುತ್ತಿತ್ತು. ಸನಾದಿ ನಿಂತರೆ ಈ ಮನುಷ್ಯ ಉಳಿಯುವುದಿಲ್ಲ ಅಂತ ಹುಲಿಗೆವ್ವನಿಗೆ ಭಯ.

ಮೂವರೂ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದರು.

"ಬೀಡಿಯಿಂದ ವಸಡು ಸಡಿಲಾಗಿದೆ, ಒಳಗೆ ಮೂಳೆ ಸವೀತಿದೆ. ಬೀಡಿ ಬಿಟ್ಟರೆ ಉಳಿದ ಹಲ್ಲು ಉಳಿಸಬಹುದು."

"ರಕ್ತಾನ ಬಂದಿಲ್ಲಲ್ರೀ," ಅಂದ ಯಂಕಪ್ಪ.

"ಬೀಡಿ ಹೊಗೆ ರಕ್ತ ಬರದ ಹಾಗೆ ತಡೆಯುತ್ತೆ. ಅದಕ್ಕೇ ರೋಗ ಗೊತ್ತಾಗಲ್ಲ. ಬಿಟ್ಟ ಮೇಲೆ ಸ್ವಲ್ಪ ರಕ್ತ ಬಂದರೂ ಬರಬಹುದು. ಹೆದರಬೇಡಿ, ವಸಡು ಚೇತರಿಸಿಕೊಳ್ತಿದೆ ಅಂತ ತಿಳ್ಕೊಳ್ಳಿ."

ಗಾಳೆಪ್ಪ ತಲೆಯಾಡಿಸಿದ. ಅವನ ತಲೆಗೆ ಹೋಗುವುದು ಅರ್ಧ ಮಾತು.

"ನಿಮ್ಮಪ್ಪ ಬೀಡಿಗೆ ಕೈ ಹಚ್ಚದಂಗ ನೋಡ್ಕೊ," ಅಂದಳು ಹುಲಿಗೆವ್ವ. ಮರುದಿನ ನೋಡಿದರೆ ಮಗನೇ ಬೀಡಿ ಹಚ್ಚಿ ಅಪ್ಪನ ತುಟಿಗೆ ಹಿಡಿದಿದ್ದಾನೆ.

"ಅಪ್ಪ ಕೈ ಹಚ್ಚಿಲ್ಲ ಯವ್ವಾ."

"ಅಯ್ಯ ಮಬ್ಬ. ಹೊಗಿ ಕಂಡಲ್ಲಿ ನೀರು ಸುರೀಬೇಕು."

ಆಯಿತು. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಒಲೆಗೆ ಒಂದು ಕೊಡ ನೀರು ಸುರಿದ.

"ಒಲಿ ಬಿಡೋ. ನಿಮ್ಮಪ್ಪನ ಬಾಯಿ ನೋಡು. ಏನಾರ ಕೆಟ್ಟದ್ದು ಕಂಡ್ರ ಕೂಡ್ಲೇ ನಿಲ್ಲಸು."

ಗಾಳೆಪ್ಪ ಅಪ್ಪನ ಎದುರಿಗೆ ಕೂತು ಬಾಯಿ ನೋಡಿದ. ಉಂಡರೂ ನೋಡಿದ, ಆಕಳಿಸಿದರೂ ನೋಡಿದ. ಆ ಎರಡು ಕಣ್ಣಿಗೆ ನಾಚಿ ಯಂಕಪ್ಪ ಬೀಡಿ ಬಿಟ್ಟೇಬಿಟ್ಟ. ಡಾಕ್ಟರಮ್ಮ ಹಲ್ಲಿನ ಬುಡ ಸ್ವಚ್ಛ ಮಾಡಿದಳು. ಮೂರು ವಾರಕ್ಕೆ ಸನಾದಿಯ ಸ್ವರ ಗಟ್ಟಿಯಾಗಿ ನಿಂತಿತು. ಕೇಳಿ ಹುಲಿಗೆವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಒಂದು ಮುಂಜಾನೆ ಯಂಕಪ್ಪ ಹಲ್ಲುಜ್ಜಿ ಉಗುಳಿದ. ಕೆಂಪಗಿತ್ತು.

ಗಾಳೆಪ್ಪ ಎದ್ದ. ಕೆಟ್ಟದ್ದು ಕಂಡರೆ ನಿಲ್ಲಿಸಬೇಕು. ರಕ್ತವನ್ನು ತಡೆಯುವುದು ಯಾವುದು? ಡಾಕ್ಟರಮ್ಮನೇ ಹೇಳಿದ್ದಾಳೆ. ಅಂಗಡಿಗೆ ಓಡಿ ಒಂದು ಕಟ್ಟು ಬೀಡಿ ತಂದು, ಒಂದನ್ನು ಹಚ್ಚಿ ಅಪ್ಪನ ಮುಂದೆ ಹಿಡಿದ.

"ರಕ್ತಕ್ಕ ಔಷಧ, ಅಪ್ಪಾ."

ಯಂಕಪ್ಪನಿಗೆ ಡಾಕ್ಟರಮ್ಮನ ಮಾತು ಪೂರ್ತಿ ನೆನಪಿತ್ತು. ಬೀಡಿಯನ್ನು ನೋಡಿದ, ಮಗನನ್ನು ನೋಡಿದ, ಬಾಯಿ ತೆರೆದ.

ಹೊಗೆಯ ವಾಸನೆ ಹಿಡಿದು ಹುಲಿಗೆವ್ವ ಓಡಿ ಬರುವಷ್ಟರಲ್ಲಿ ನಾಲ್ಕು ಬೀಡಿ ಮುಗಿದಿದ್ದವು. ಮಗ ಹಿಗ್ಗಿ ಹೇಳಿದ: "ನಿಂತೈತಿ ನೋಡ ಯವ್ವಾ."

ಅವಳು ಉಳಿದ ಬೀಡಿ ಕಸಿದುಕೊಂಡು ಬೈಯಲು ಹೊರಟಳು. ಇಬ್ಬರಲ್ಲಿ ಯಾರಿಗೆ ಬುದ್ಧಿ ಹೇಳಬೇಕೋ ಅವಳಿಗೆ ತಿಳಿಯಲಿಲ್ಲ.