ಅಳೆಯದೆ ಮನೆ ಕೊಳ್ಳಹೊರಟ ತಂಡೇಲ

ಸ್ವಲ್ಪ ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ. ಇವತ್ತು ಒಬ್ಬ ಒಳ್ಳೆಯ ಮನುಷ್ಯನ ಕಥೆ ಹೇಳ್ತೇನೆ. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಕಥೆ ಹೇಳುವಾಗೆಲ್ಲ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗ್ತದೆ.

ಪಡುವಣ ಕಡಲಿನ ದಂಡೆಯಲ್ಲಿ ಒಂದು ಪುಟ್ಟ ರಾಜ್ಯ. ಅದನ್ನು ಒಬ್ಬಳು ರಾಣಿ ಆಳ್ತಿದ್ದಳು. ಆ ರಾಜ್ಯದಲ್ಲಿ ಮರಳಹಿತ್ಲು ಅಂತ ಒಂದು ಪೇಟೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಜನ. ಮಳೆಗಾಲದಲ್ಲಿ ಕಡಲು ಊರೊಳಗೆ ನುಗ್ಗಬಾರದು ಅಂತ ದಂಡೆಯುದ್ದಕ್ಕೂ ಕಲ್ಲಿನ ಒಡ್ಡು ಹಾಕಿದ್ದರು. ಒಡ್ಡಿನವರೆಗೆ ಯಾರಿಗೆ ಜಾಗ ಉಂಟೋ ಅವರೇ ತಮ್ಮ ಭಾಗದ ಒಡ್ಡನ್ನು ಮಳೆಗೆ ಮುಂಚೆ ಗಟ್ಟಿ ಮಾಡಬೇಕು. ಊರಿನ ಜಾಗ ಇದ್ದಲ್ಲಿ ಊರವರೆಲ್ಲ ಸೇರಿ ಮಾಡಬೇಕು. ಇದು ರಾಣಿಯ ಕಟ್ಟಳೆ.

ಆ ಪೇಟೆಗೆ ದೂಮಣ್ಣ ಅಂತ ಒಬ್ಬ ತಂಡೇಲ ಬಂದ. ತಂಡೇಲ ಅಂದರೆ ಹಾಯಿ ಹಡಗು ನಡೆಸುವ ಯಜಮಾನ. ಮೀಸೆ ಮೂಡುವ ಮೊದಲೇ ಹಡಗು ಹತ್ತಿದವನು, ಮೀಸೆ ಬೆಳ್ಳಗಾದ ಮೇಲೆ ಇಳಿದಿದ್ದ. ಹೆಂಡತಿ ದುಗ್ಗಮ್ಮ ಅಷ್ಟೂ ಕಾಲ ಬೇರೆಯವರ ಹಿತ್ತಿಲ ಬಿಡಾರಗಳಲ್ಲಿ ದಿನ ತೆಗೆದಿದ್ದಳು. ಇನ್ನಾದರೂ ಸ್ವಂತದ್ದೊಂದು ಮನೆ ಬೇಕು, ಅಲುಗದ ನೆಲದ ಮೇಲೆ ಮಲಗಬೇಕು ಅಂತ ಇಬ್ಬರಿಗೂ ಆಸೆ. ಜೀವಮಾನದ ಗಳಿಕೆಯನ್ನು ಗಂಟು ಕಟ್ಟಿಕೊಂಡು ಬಂದಿದ್ದರು. ಅದು ಹೋದರೆ ಇನ್ನೊಂದು ಗಂಟು ಕಟ್ಟುವ ವಯಸ್ಸಲ್ಲ.

ಪೇಟೆಯಲ್ಲಿ ಐತಪ್ಪ ಸಾವುಕಾರ ಅನ್ನುವವನಿಗೆ ಕಡಲ ಬದಿಯಲ್ಲಿ ಒಂದು ಮನೆ ಇತ್ತು. ಮಾರ್ತೇನೆ ಅಂದ. ಕರೆದುಕೊಂಡು ಹೋಗಿ ತೋರಿಸಿದ. ಸುಣ್ಣ ಬಳಿದ ಗೋಡೆ, ಹೆಂಚಿನ ಮಾಡು, ನುಣ್ಣಗಿನ ಜಗಲಿ, ಹಿಂದೆ ದೊಡ್ಡ ಅಡುಗೆಮನೆ. ಅದರಾಚೆ ಸಿಹಿನೀರಿನ ಬಾವಿ, ಮತ್ತೆ ತೆಂಗಿನ ಸಾಲು. ಎಲ್ಲದರ ಕೊನೆಗೆ ಒಡ್ಡಿಗೆ ತಾಗಿ ಆಳೆತ್ತರದ ಕೇದಗೆ ಹಿಂಡಲು, ದಟ್ಟ ಪೊದೆ. ಕೇದಗೆಯವರೆಗೆ ಎಲ್ಲ ನನ್ನದೇ, ಇನ್ನು ನಿಮ್ಮದು ಅಂದ ಸಾವುಕಾರ.

ದೂಮಣ್ಣ ಜಗಲಿಯಲ್ಲಿ ಕೂತ. ಗಾಳಿ ಬೀಸಿತು. ಅಷ್ಟೇ, ಅವನ ಕಥೆ ಮುಗಿಯಿತು. ಇದೇ ಮನೆ ಅಂತ ಮನಸ್ಸಿನಲ್ಲೇ ವೀಳ್ಯ ಕೊಟ್ಟುಬಿಟ್ಟ.

ದುಗ್ಗಮ್ಮ ಮಾತ್ರ ಹಿತ್ತಿಲಿಗೆ ಹೋಗಿ ಆಚೆ ಈಚೆ ನೋಡಿ ಬಂದಳು. ಮನೆ ಚಂದವೇ, ಆದರೆ ನೆಲ ಎಲ್ಲಿಂದ ಎಲ್ಲಿವರೆಗೆ ಅಂತ ಹಗ್ಗ ಹಿಡಿಸಿ ಅಳೆಸುವ, ಆಮೇಲೆ ಮಾತು ಕೊಡುವ ಅಂದಳು.

ಸಾವುಕಾರ ನಕ್ಕ. ಧಾರಾಳವಾಗಿ ಅಳೆಸಿ, ಆದರೆ ರಾಣಿಯ ಅಳತೆಗಾರ ಊರಲ್ಲಿಲ್ಲ, ಬೀಗರ ಮನೆಗೆ ಹೋಗಿದ್ದಾನೆ, ಯಾವಾಗ ಬರ್ತಾನೋ ಏನೋ ಅಂದ. ದೂಮಣ್ಣ ಹೌದಲ್ಲ ಅಂತ ತಲೆ ಆಡಿಸಿದ.

ಕೆಲವು ದಿನ ಬಿಟ್ಟು ದುಗ್ಗಮ್ಮ ಮತ್ತೆ ಕೇಳಿದಳು. ಸಾವುಕಾರ ಕೈ ಮುಗಿದು ಆಕಾಶ ನೋಡಿದ. ಕೆಡ್ಡಸ ಈಗಷ್ಟೇ ಕಳೆದಿದೆ, ಭೂಮಿತಾಯಿ ಇನ್ನೂ ದಣಿದಿದ್ದಾಳೆ, ಈಗ ಗೂಟ ಹೊಡೆದು ಅಳೆದರೆ ಮನೆಗೆ ಒಳ್ಳೆಯದಲ್ಲ ಅಂದ. ನೋಡಿ, ಕೆಡ್ಡಸ ಅಂದರೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆಗ ನಮ್ಮಲ್ಲಿ ಯಾರೂ ನೆಲ ಅಗೆಯುವುದಿಲ್ಲ, ನಿಜ. ಆದರೆ ಅದು ಕಳೆದು ತಿಂಗಳಾಗಿತ್ತು. ತಿಂಗಳುಗಟ್ಟಲೆ ಯಾವ ತಾಯಿ ಮಲಗಿರ್ತಾಳೆ? ದೂಮಣ್ಣ ಅದನ್ನೂ ನಂಬಿದ.

ಮೂರನೆಯ ಸಲ ಕೇಳಿದಾಗ ಸಾವುಕಾರ ಮುಖ ಸಣ್ಣದು ಮಾಡಿಕೊಂಡ. ಘಟ್ಟದ ಮೇಲಿನ ಒಬ್ಬ ವ್ಯಾಪಾರಿ ಈ ಮನೆಗೆ ಕಣ್ಣಿಟ್ಟಿದ್ದಾನೆ, ನೀವು ಹೀಗೆ ಅಳತೆ ಅಳತೆ ಅಂತ ಕೂತರೆ ಅವನಿಗೇ ಕೊಡಬೇಕಾಗ್ತದೆ, ಆಮೇಲೆ ನನ್ನನ್ನು ಬೈಯಬೇಡಿ ಅಂದ. ದೂಮಣ್ಣ ಗಾಬರಿಬಿದ್ದ. ಹುಣ್ಣಿಮೆಯ ಮಾರನೆ ದಿನ ವೀಳ್ಯ ಹಿಡಿದು ವ್ಯಾಪಾರ ಮುಗಿಸುವುದು ಅಂತ ಅಲ್ಲೇ ಮಾತು ಕೊಟ್ಟ.

ದುಗ್ಗಮ್ಮ ಗಂಡನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು. ಬಿಡಾರಕ್ಕೆ ಬಂದು ಕೊಡಪಾನವನ್ನು ನೆಲಕ್ಕೆ ಕುಕ್ಕಿದಳು.

"ಅಲ್ಲ ಮಾರಾಯ್ರೆ, ಗೊತ್ತಿಲ್ಲದ ಅಳಿವೆ ಬಂದರೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ನೋಡದೆ ನೀವು ಹಡಗನ್ನು ಒಂದು ಮಾರು ಮುಂದೆ ಬಿಡುವವರಲ್ಲ. ನೆಲಕ್ಕೆ ಇಳಿದ ಕೂಡಲೇ ನಿಮ್ಮ ಬುದ್ಧಿ ಎಲ್ಲಿಗೆ ಹೋಗ್ತದೆ?"

"ಕಡಲು ಮೋಸ ಮಾಡ್ತದೆ. ಸಾವುಕಾರ್ರು ಹಾಗಲ್ಲ," ಅಂದ ದೂಮಣ್ಣ.

ಇಂಥವರಿಗೆ ಏನು ಹೇಳುವುದು ನೀವೇ ಹೇಳಿ. ದುಗ್ಗಮ್ಮನೂ ಹೇಳುವುದು ಬಿಟ್ಟಳು. ತಾನೇ ನೋಡಿಕೊಳ್ಳುವ ಅಂತ ಮರುದಿನ ಒಬ್ಬಳೇ ಕಡಲ ಬದಿಗೆ ಹೋದಳು.

ಅಲ್ಲಿ ಊರ ಹೆಂಗಸರು ಬುಟ್ಟಿಯಲ್ಲಿ ಕಲ್ಲು ಹೊತ್ತು ಒಡ್ಡು ಗಟ್ಟಿ ಮಾಡ್ತಿದ್ದರು. ಮಳೆಗಾಲಕ್ಕೆ ಹೆಚ್ಚು ಸಮಯ ಇರಲಿಲ್ಲ. ಉದ್ದಕ್ಕೂ ಒಡ್ಡು ಸರಿಯಿತ್ತು. ಸಾವುಕಾರನ ಕೇದಗೆ ಹಿಂಡಲಿನ ಬುಡದಲ್ಲಿ ಮಾತ್ರ ಎತ್ತಿನ ಗಾಡಿ ಹೋಗುವಷ್ಟು ಅಗಲಕ್ಕೆ ಬಾಯಿ ಬಿಟ್ಟಿತ್ತು. ಇದನ್ನು ಯಾಕೆ ಬಿಟ್ಟಿದ್ದೀರಿ ಅಂತ ದುಗ್ಗಮ್ಮ ಕೇಳಿದ್ದೇ ತಡ, ಹೆಂಗಸರೆಲ್ಲ ಬುಟ್ಟಿ ಇಳಿಸಿದರು. ಅವರ ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಹೊರಗೆ ಬಂತು.

ಒಡ್ಡು ಕಟ್ಟು ಅಂದರೆ ಸಾವುಕಾರ, ಇಲ್ಲಿವರೆಗೆ ನನ್ನ ಜಾಗ ಇಲ್ಲ, ಇದು ಊರಿನದ್ದು ಅಂತಾನೆ. ಹಾಗಾದರೆ ನಾವೇ ಕಟ್ತೇವೆ, ಕಲ್ಲು ತರಲು ದಾರಿ ಬಿಡು ಅಂದರೆ, ನನ್ನ ತೆಂಗಿನ ತೋಟದಲ್ಲಿ ಕಾಲಿಡಬೇಡಿ ಅಂತ ಬೇಲಿ ಹಾಕ್ತಾನೆ. ಬಲೆ ಒಣಗಿಸಲು ಹೋದರೆ ಅವನ ಜಾಗ. ಕೆಲಸ ಮಾಡಲು ಕರೆದರೆ ಊರ ಜಾಗ. ಹೋದ ಮಳೆಗಾಲದಲ್ಲಿ ಆ ಬಾಯಿಯಿಂದ ಕಡಲು ನುಗ್ಗಿ ಪಕ್ಕದ ಮನೆಗಳ ಒಲೆಯೆಲ್ಲ ತೇಲಿ ಹೋಗಿತ್ತು. ಸಿಂಗಾರು ಅನ್ನುವ ಮುದುಕಿ, ರಾಣಿಗೆ ದೂರು ಹೇಳಿ ಹೇಳಿ ನನಗೂ ಸಾಕಾಯ್ತು, ಕೇಳಿ ಕೇಳಿ ರಾಣಿಗೂ ಸಾಕಾಯ್ತು ಅಂದಳು. ಹುಣ್ಣಿಮೆಯ ಮಾರನೆ ದಿನ ಇಳಿತದ ಹೊತ್ತಿಗೆ ರಾಣಿ ತಾನೇ ಬಂದು ಒಡ್ಡು ನೋಡುವವಳಿದ್ದಳಂತೆ.

ದುಗ್ಗಮ್ಮ ಅಲ್ಲೇ ಮರಳಿನ ಮೇಲೆ ಕೂತು ಯೋಚಿಸಿದಳು. ಆಮೇಲೆ ನೆಟ್ಟಗೆ ಸಾವುಕಾರನ ಅಂಗಡಿಗೆ ಹೋದಳು. ಅಳತೆಯ ಮಾತು ಬಿಟ್ಟೆ ಸಾವುಕಾರ್ರೆ, ನಿಮ್ಮ ಮಾತೇ ಸಾಕು ಅಂದಳು. ವೀಳ್ಯದ ದಿನ ಇಳಿತದ ಹೊತ್ತಿಗೆ ಹಿತ್ತಿಲಿಗೆ ಬಂದು, ಎಲ್ಲಿವರೆಗೆ ನಿಮ್ಮದು ಅಂತ ಒಮ್ಮೆ ಬಾಯಿಬಿಟ್ಟು ಹೇಳಿದರೆ ಆಯ್ತು ಅಂದಳು. ಅಷ್ಟೇ ತಾನೇ ಅಂತ ಸಾವುಕಾರನಿಗೆ ಖುಷಿಯೋ ಖುಷಿ.

ಆ ದಿನ ಬಂತು. ಸಾವುಕಾರ ಜರಿಯ ಶಾಲು ಹೊದ್ದು ಬಂದ. ದೂಮಣ್ಣ ವೀಳ್ಯದ ತಟ್ಟೆ ಹಿಡಿದು ಮದುಮಗನ ಹಾಗೆ ನಿಂತಿದ್ದ. ಕೇದಗೆ ಹಿಂಡಲಿನ ಆಚೆ ಕಡಲು ಮೊರೆಯುತ್ತಿತ್ತು. ಆಚೆ ಯಾರಿದ್ದಾರೆ ಅಂತ ಈಚೆಯವರಿಗೆ ಕಾಣ್ತಿರಲಿಲ್ಲ.

ದುಗ್ಗಮ್ಮ ಕೇಳಿದಳು, ಜಾಗ ಎಲ್ಲಿವರೆಗೆ ಸಾವುಕಾರ್ರೆ? ಸಾವುಕಾರ ಮೆಲ್ಲಗೆ, ಕೇದಗೆಯವರೆಗೆ ಅಂದ.

ಅಲೆಯ ಸದ್ದಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಂದಳು. ಸಾವುಕಾರ ಸ್ವಲ್ಪ ಗಟ್ಟಿಯಾಗಿ ಹೇಳಿದ.

ದುಗ್ಗಮ್ಮ ಕಿವಿಗೆ ಕೈ ಇಟ್ಟಳು. ಬಾವಿಯವರೆಗೆ ಅಂದಿರಾ? ಪೇಟೆಯಲ್ಲಿ ಜನವೂ ಹಾಗೇ ಹೇಳ್ತಾರೆ, ಬಾವಿಯಿಂದಾಚೆ ಸಾವುಕಾರ್ರದ್ದಲ್ಲ ಅಂತ. ಹಾಗಿದ್ದರೆ ನಮಗೆ ಈ ಮನೆ ಬೇಡ ಅಂತ ತಟ್ಟೆಗೆ ಕೈ ಹಾಕಿದಳು.

ಸಾವುಕಾರನ ಸಹನೆ ಹರಿಯಿತು. ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದ. "ಬಾವಿಯೂ ನನ್ನದು, ತೆಂಗೂ ನನ್ನದು, ಒಡ್ಡಿಗೆ ತಾಗುವವರೆಗೆ ನನ್ನದೇ. ಯಾರಿಗೆ ಬೇಕಾದರೂ ಹೇಳ್ತೇನೆ."

ಹಿಂಡಲಿನ ಆಚೆಯಿಂದ ಒಂದು ಹೆಣ್ಣಿನ ಧ್ವನಿ ಬಂತು. "ನನಗೆ ಹೇಳಿದಿರಲ್ಲ, ಸಾಕು."

ಒಡ್ಡಿನ ಬಾಯಿಯಿಂದ ಸೀರೆಯ ನೆರಿಗೆ ಎತ್ತಿ ಹಿಡಿದು ರಾಣಿ ಹತ್ತಿ ಬಂದಳು. ಹಿಂದೆ ಪರಿವಾರ. ಅದರ ಹಿಂದೆ ಕಲ್ಲು ಹೊರುವ ಹೆಂಗಸರು. ರಾಣಿಯ ಮುಖ ನೋಡಿದರೆ, ಈ ಒಂದು ತಕರಾರು ಕೇಳಿ ಕೇಳಿ ಬೇಸತ್ತದ್ದು ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಪ್ರತಿ ವರ್ಷ ನನ್ನದಲ್ಲ ಅಂತೀರಿ, ಇವತ್ತು ನಿಮ್ಮದೇ ಅಂತೀರಿ ಅಂದಳು. ನಿಮ್ಮದಾದರೆ ಇಷ್ಟು ವರ್ಷ ಒಡ್ಡು ಕಟ್ಟದೆ ಜನರ ಮನೆ ಮುಳುಗಿಸಿದ್ದಕ್ಕೆ ಶಿಕ್ಷೆ. ನಿಮ್ಮದಲ್ಲದಿದ್ದರೆ ನಿಮ್ಮದಲ್ಲದ್ದನ್ನು ಈ ತಂಡೇಲನಿಗೆ ಮಾರಲು ಹೊರಟದ್ದಕ್ಕೆ ಶಿಕ್ಷೆ. ಯಾವುದು ಬೇಕು ಆರಿಸಿಕೊಳ್ಳಿ ಅಂದಳು.

ಸಾವುಕಾರ ಬೆವತ. ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ಅವನ ಬಾಯಿಂದ ಬಂದ ಮಾತು ಏನು ಗೊತ್ತುಂಟಾ?

"ನನಗೂ ಸರಿಯಾಗಿ ನೆನಪಿಲ್ಲ ತಾಯಿ. ಒಮ್ಮೆ ಅಳೆಸಿ ನೋಡಬೇಕು."

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ದುಗ್ಗಮ್ಮ ನಗಲಿಲ್ಲ, ಗಂಡನ ಕಡೆ ಒಂದು ಸಲ ತಿರುಗಿ ನೋಡಿದಳು ಅಷ್ಟೆ. ರಾಣಿ ಅಳತೆಗಾರನನ್ನು ಕರೆದಳು. ಅವನು ಅಲ್ಲೇ ಪರಿವಾರದ ನಡುವೆ ನಿಂತಿದ್ದ. ಯಾವ ಬೀಗರ ಮನೆಗೂ ಹೋಗಿರಲಿಲ್ಲ.

ಹಗ್ಗ ಹಿಡಿದರು. ರಸ್ತೆಯ ಬದಿಯ ಹಳೆಯ ಗಡಿಕಲ್ಲಿನಿಂದ ಶುರು ಮಾಡಿದರು. ಜಗಲಿ ದಾಟಿತು, ಪಡಸಾಲೆ ದಾಟಿತು. ಅಡುಗೆಮನೆಯ ಒಲೆಯ ಹತ್ತಿರ ಬಂದಾಗ ಅಳತೆ ಮುಗಿಯಿತು. ಅಲ್ಲಿಗೆ ಸಾವುಕಾರನ ಜಾಗ ಅಷ್ಟೇ. ಅರ್ಧ ಅಡುಗೆಮನೆ ಊರಿನ ಜಾಗದಲ್ಲಿ. ಬಾವಿ ಊರಿನದ್ದು, ತೆಂಗು ನೆಟ್ಟ ನೆಲವೂ ಊರಿನದ್ದು. ಹಿಂದಿನ ಗಡಿಕಲ್ಲನ್ನು ಅವನು ಕಿತ್ತು ಕೇದಗೆಯ ಬುಡದಲ್ಲಿ ಹುಗಿದಿದ್ದ.

ದೂಮಣ್ಣ ಆ ಒಲೆಯ ಮುಂದೆ ಬಂದ. ಹಾಗೇ ಕುಕ್ಕರಗಾಲಲ್ಲಿ ಕೂತ. ಇನ್ನೊಂದು ಗಳಿಗೆ ತಡವಾಗಿದ್ದರೆ ತನ್ನ ಗಂಟು ಸಾವುಕಾರನ ಕೈಯಲ್ಲಿ, ಮಳೆಗಾಲದಲ್ಲಿ ಕಡಲು ತನ್ನ ಅಡುಗೆಮನೆಯಲ್ಲಿ. ನಾನು ಗೋಡೆ ನೋಡಿದೆ, ನೆಲ ನೋಡಲೇ ಇಲ್ಲ ಅಂದ. ದುಗ್ಗಮ್ಮನಿಗೆ ಹೇಳಬೇಕಾದ್ದು ಬಹಳ ಇತ್ತು. ಅವನ ಮುಖ ನೋಡಿ, ಏಳಿ, ಬಿಸಿಲೇರಿತು ಅಂದಳು.

ರಾಣಿಯ ಅಪ್ಪಣೆಯಾಯಿತು. ಊರಿನ ಜಾಗದಲ್ಲಿದ್ದ ಅಡುಗೆಮನೆಯ ಭಾಗವನ್ನು ಸಾವುಕಾರ ತಾನೇ ಕೆಡವಬೇಕು. ಅದರ ಗೋಡೆಯ ಮುರಕಲ್ಲನ್ನು ತಲೆಯ ಮೇಲೆ ಹೊತ್ತು ಒಡ್ಡಿನ ಬಾಯಿ ಮುಚ್ಚಬೇಕು. ಬಾವಿ, ತೆಂಗು ಊರಿಗೆ. ಜರಿ ಶಾಲನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಸಾವುಕಾರ ಕಲ್ಲು ಹೊತ್ತ. ಅವನು ಮಧ್ಯೆ ಮಧ್ಯೆ ಕೂತರೆ ಸಿಂಗಾರು ಮುದುಕಿ ಬಂದು ಎಬ್ಬಿಸ್ತಿದ್ದಳು. ಆ ಮಳೆಗಾಲ ಕಡಲು ಬಂದು ಒಡ್ಡಿಗೆ ಬಡಿದು ಹಿಂದೆ ಹೋಯಿತು. ಯಾರ ಒಲೆಯೂ ತೇಲಲಿಲ್ಲ.

ದೂಮಣ್ಣ ಮತ್ತು ದುಗ್ಗಮ್ಮ ಮಳೆ ಬಿಟ್ಟ ಮೇಲೆ ಹೊಳೆಯ ಬದಿಯಲ್ಲಿ ಚಾಪೆ ಹೆಣೆಯುವ ತನಿಯಕ್ಕ ಅನ್ನುವವಳ ಸಣ್ಣ ಮನೆ ನೋಡಿದರು. ಈ ಸಲ ದೂಮಣ್ಣ ಜಗಲಿಯಲ್ಲಿ ಕೂರುವ ಮೊದಲೇ ಅಳತೆಗಾರನನ್ನು ಕರೆಸಿದ. ತನಿಯಕ್ಕ ಬೇಜಾರು ಮಾಡಿಕೊಳ್ಳಲಿಲ್ಲ, ಅಳತೆಗಾರನಿಗೆ ಮಜ್ಜಿಗೆ ಕೊಟ್ಟಳು. ಅಳೆದು ನೋಡಿದರೆ ಅವಳು ತನ್ನದು ಅಂದುಕೊಂಡದ್ದಕ್ಕಿಂತ ಒಂದು ತುಂಡು ನೆಲ ಜಾಸ್ತಿಯೇ ಇತ್ತು. ಇಷ್ಟು ವರ್ಷ ಅವಳಿಗೇ ಗೊತ್ತಿರಲಿಲ್ಲ. ಆ ತುಂಡಿಗೂ ಸೇರಿಸಿ ಬೆಲೆ ಕೊಡಿ ಅಂತ ದುಗ್ಗಮ್ಮನೇ ಗಂಡನಿಗೆ ಹೇಳಿದಳು. ಕೊಟ್ಟರು. ಕೊಂಡವರ ಮನಸ್ಸಿನಲ್ಲೂ ಮಾರಿದವಳ ಮನಸ್ಸಿನಲ್ಲೂ ಮುಳ್ಳು ಉಳಿಯಲಿಲ್ಲ.

ಆಮೇಲೆ ಶುರುವಾಯಿತು ಹೊಸ ಕಾಟ. ಪೇಟೆಯಲ್ಲಿ ಯಾರು ಮನೆ ನೋಡಲು ಹೊರಟರೂ ದೂಮಣ್ಣ ಅಡ್ಡ ನಿಂತು, ಅಳೆಸಿದಿರಾ ಅಂತ ಕೇಳ್ತಿದ್ದ. ಹೂಂ ಅಂದರೂ ಬಿಡ್ತಿರಲಿಲ್ಲ, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಅಂತ ಕೇಳ್ತಿದ್ದ. ಒಂದು ದಿನ ದುಗ್ಗಮ್ಮ ಕೋಳಿಗೂಡು ಇಡಲು ಮೂಲೆ ಹುಡುಕುವಾಗ, ತಡಿ, ಅಳತೆಗಾರ ಬರಲಿ ಅಂದನಂತೆ. ಅವಳು ಕೈಯಲ್ಲಿದ್ದ ಗೂಡನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಇದೇ ಮಕ್ಕಳೇ ಕಥೆ. ನೀತಿ ಏನಂದರೆ, ಗೋಡೆ ಚಂದ ಉಂಟು, ಮಾರುವವನು ನಗ್ತಾನೆ ಅಂತ ಮನೆ ಕೊಳ್ಳಬೇಡಿ. ಕಡಲ ಬದಿಯಲ್ಲಂತೂ ಖಂಡಿತ ಬೇಡ. ಮೊದಲು ನೆಲ ಅಳೆಸಿ, ಆಮೇಲೆ ಮಾತು ಕೊಡಿ. ಸರಿಯಾದವನು ಅಳತೆಗೆ ಹೆದರುವುದಿಲ್ಲ. ಹೆದರಿ ನೆಪ ಹೇಳುವವನ ಮನೆಯ ಜಗಲಿಯಲ್ಲಿ ಗಾಳಿ ಎಷ್ಟೇ ತಂಪಾಗಿ ಬೀಸಲಿ, ಎದ್ದು ಬಂದುಬಿಡಿ.