ಗಾಣಿಗನ ಮನೆಯ ಗಂಡಿ

“ಬುದ್ಧಿ, ದುಃಖ ಬರುವ ದಾರಿಗಳನ್ನೆಲ್ಲ ಮುಚ್ಚಿದ್ದೇನೆ. ಆದರೂ ಅದು ಕಡಿಮೆಯಾಗುತ್ತಿಲ್ಲ. ಏಕೆ?” ಎಂದು ಮರುಳಯ್ಯ ತನ್ನ ಗುರುಗಳನ್ನು ಕೇಳಿದ.

ಅವನು ಮಠ ಸೇರಿ ಕೆಲವು ವರ್ಷಗಳಾಗಿದ್ದವು. ಹಿಂದಿನ ಸುಗ್ಗಿಯಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದವನು ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಯಾರಾದರೂ ತಾಯಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಅವಳು ಹೊದೆಯುತ್ತಿದ್ದ ಕಂಬಳಿಯನ್ನು ದಾರಿಹೋಕರೊಬ್ಬರಿಗೆ ಕೊಟ್ಟುಬಿಟ್ಟಿದ್ದ. ಅಂದು ಬೆಳಿಗ್ಗೆ ಅವನ ಅಕ್ಕ ಬುತ್ತಿ ಕಟ್ಟಿಕೊಂಡು ಊರಿನಿಂದ ನಡೆದು ಬಂದಿದ್ದಳು. ಅವಳ ಮುಖ ಥೇಟು ತಾಯಿಯ ಮುಖ. ಮೈಯಲ್ಲಿ ಹುಷಾರಿಲ್ಲವೆಂದು ಜಗಲಿಯಲ್ಲಿ ಕಾಯುತ್ತಿದ್ದ ಅವಳಿಗೆ ಹೇಳಿ ಕಳಿಸಿ ಮರುಳಯ್ಯ ಒಳಗೇ ಉಳಿದಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಅವನಿಗೆ ನಿಜವಾಗಿಯೂ ಸುಸ್ತಾಗಿತ್ತು. ಎಷ್ಟು ಮಲಗಿ ಎದ್ದರೂ ಹೋಗದ ಸುಸ್ತು.

ಗುರುಗಳು ಹರಿದ ಜೋಳಿಗೆಯನ್ನು ಹೊಲಿಯುತ್ತಾ ಕೂತಿದ್ದರು. ಸೂಜಿ ನಿಲ್ಲಿಸದೆಯೇ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಮನೆ ಕೆರೆ ಏರಿಯ ಕೆಳಗಿತ್ತು. ಮರದ ಮನೆ. ನೆಲದ ಮೇಲೆ ಕಲ್ಲುಗಳನ್ನಿಟ್ಟು, ಕಲ್ಲಿನ ಮೇಲೆ ತೊಲೆ ಹಾಸಿ, ತೊಲೆಯ ಮೇಲೆ ಕಂಬ ನಿಲ್ಲಿಸಿ, ಹಲಗೆ ಹೊದಿಸಿ ಅವನ ಅಪ್ಪ ಕಟ್ಟಿದ್ದು. ತೊಲೆಗೂ ನೆಲಕ್ಕೂ ನಡುವೆ ಸುತ್ತಲೂ ಗೇಣೆತ್ತರದ ಗಂಡಿ ಬಿಟ್ಟಿದ್ದ. ಕೋಳಿಗಳು ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಗೆ ಬರುತ್ತಿದ್ದವು. ಚಳಿಗಾಲದಲ್ಲಿ ಅಲ್ಲಿಂದ ಬೀಸಿದ ಗಾಳಿ ಹಲಗೆಯ ಸಂದಿಯಲ್ಲಿ ಮೇಲೆ ಬಂದು ಕಾಲು ಕೊರೆಯುತ್ತಿತ್ತು.

ಗಾಣಿಗನ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳಿದ್ದಳು. ಅವಳನ್ನು ಈ ಥಂಡಿ ಮನೆಯಲ್ಲಿ ಹೇಗೆ ಮಲಗಿಸುವುದು ಎಂಬುದೇ ಅವನಿಗೆ ಯೋಚನೆಯಾಯಿತು. ಬಾಣಂತಿಗೆ ಶೀತ ತಾಗಿದರೆ ಜನ್ಮಕ್ಕೆಲ್ಲ ಅಂಟಿಕೊಳ್ಳುತ್ತದೆ ಎಂದು ಕಂಡವರೆಲ್ಲ ಹೆದರಿಸಿದರು. ಹೆದರಿಸುವವರಿಗೇನು, ಹೇಳಿ ಮನೆಗೆ ಹೋಗುತ್ತಾರೆ.

ಅವನು ಎಣ್ಣೆಯ ಮನುಷ್ಯ. ಎಣ್ಣೆ ಇದ್ದಲ್ಲಿ ನೀರು ಅಂಟುವುದಿಲ್ಲ ಎಂಬುದನ್ನು ಹುಟ್ಟಿದಾಗಿನಿಂದ ಕಂಡವನು. ಗಂಡಿಗೆ ಕಲ್ಲು ತುಂಬಿದ. ಸುಣ್ಣಕ್ಕೆ ಹರಳೆಣ್ಣೆ ಹುಯ್ದು, ಕುಟ್ಟಿ, ಹದ ಮಾಡಿ ಕಲ್ಲುಗಳ ಸಂದಿಗೆಲ್ಲ ಮೆತ್ತಿದ. ಮಿಕ್ಕ ಎಣ್ಣೆಯನ್ನು ಕಾಯಿಸಿ ತೊಲೆಗೂ ಕಂಬದ ಬುಡಕ್ಕೂ ಬಳಿದ.

“ಮಾವನೋರು ಇಷ್ಟು ದೊಡ್ಡ ಗಂಡೀನ ಸುಮ್ಮನೆ ಬಿಟ್ಟಿರ್ತಾರಾ?” ಎಂದು ಹೆಂಡತಿ ಕೇಳಿದಳು.

“ಅಪ್ಪನಿಗೆ ಕಲ್ಲು ಸಾಲದೆ ಬಂದಿರ್ಬೇಕು ಕಣೇ” ಎಂದ ಗಾಣಿಗ.

ಮೊದಮೊದಲು ಹಲಗೆ ಬೆಚ್ಚಗಾಯಿತು. ಗಾಣಿಗ ಬರಿಗಾಲಲ್ಲಿ ಮನೆಯೆಲ್ಲ ಓಡಾಡಿ ಹಿಗ್ಗಿದ. ಆಮೇಲೆ ಮೂಲೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಮಗಳಿಗೆಂದು ಮಡಿಸಿಟ್ಟ ಕೌದಿಯ ಮೇಲೆ ಬೂಷ್ಟು ಕಟ್ಟಿತು. ಎಲ್ಲೋ ಇನ್ನೊಂದು ಸಂದಿ ಉಳಿದಿದೆ ಎಂದುಕೊಂಡು ಹುಡುಕಿ ಮೆತ್ತಿದ. ವಾಸನೆ ಹೆಚ್ಚಾಯಿತು. ಇನ್ನೊಂದು ಸಲ ಎಣ್ಣೆ ಬಳಿದ. ಹಗಲೆಲ್ಲ ಎತ್ತಿನ ಹಿಂದೆ ಗಾಣ ಸುತ್ತುವುದು, ಸಂಜೆಯಾದರೆ ಮೊಣಕಾಲೂರಿ ಮನೆ ಸುತ್ತುವುದು. ಎತ್ತಿಗಾದರೂ ಸಂಜೆ ನೊಗ ಇಳಿಸುತ್ತಿದ್ದ, ತನಗೆ ಅದೂ ಇರಲಿಲ್ಲ. ಬರಬರುತ್ತಾ ಮಗಳು ಬರುತ್ತಾಳೆಂಬ ಸಂಭ್ರಮವೂ ಅವನಲ್ಲಿ ಉಳಿಯಲಿಲ್ಲ. ಕೈ ಮಾತ್ರ ಮೆತ್ತುತ್ತಲೇ ಇತ್ತು.

ಮಗಳು ಬಂದಳು. ಒಂದು ಬೆಳಿಗ್ಗೆ ಅವಳು ಮಂಚದಿಂದ ಏಳುವಾಗ ಕೆಳಗಿನ ತೊಲೆ ಮುರಿದು, ಹಲಗೆ ಕುಸಿದು, ಮಂಚದ ಕಾಲು ಒಳಗಿಳಿಯಿತು. ಅವಳು ಹೊಟ್ಟೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದಳು. ತಾಯಿ ಓಡಿ ಬಂದು ಹಿಡಿದುಕೊಂಡಳು. ಏಟೇನೂ ಆಗಲಿಲ್ಲ. ಆದರೆ ಆ ಮನೆಯಲ್ಲಿ ಅವಳನ್ನು ಇರಿಸಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ನೆರೆಮನೆಯವರು ಒಳ್ಳೆಯವರು, ಕರೆದುಕೊಂಡು ಹೋದರು. ಹೆರಿಗೆ ಅಲ್ಲೇ ಆಯಿತು. ಹೆತ್ತವರು ಗಟ್ಟಿಮುಟ್ಟಾಗಿರುವಾಗಲೇ ಮಗಳ ಬಾಣಂತನ ಪರರ ಮನೆಯಲ್ಲಾಯಿತು. ಬೇಲಿಯಾಚೆಯಿಂದ ಮೊಮ್ಮಗನ ಅಳು ಕೇಳಿಸಿದಾಗ ಗಾಣಿಗನಿಗೆ ಸಂತೋಷವೂ ಆಯಿತು, ತಲೆ ತಗ್ಗಿಸುವ ಹಾಗೂ ಆಯಿತು.

ಮುರಿದ ಜಾಗದಲ್ಲಿ ಹಲಗೆ ಕಿತ್ತು ನೋಡಿದ. ತೊಲೆಯ ಹೊರಮೈ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಒಳಗೆ ಬೆರಳಿಟ್ಟರೆ ನೆನೆಹಾಕಿದ ಹಿಂಡಿಯ ಹಾಗೆ ಕಿತ್ತು ಬಂತು. ಕೈ ಇನ್ನೂ ಕೆಳಗೆ ಬಿಟ್ಟು ಮಣ್ಣು ಮುಟ್ಟಿದ. ಒದ್ದೆ. ಅದು ಕೆರೆಯ ಒದ್ದೆ, ಅಪ್ಪ ಮನೆ ಕಟ್ಟುವ ಮೊದಲೇ ಆ ನೆಲದಲ್ಲಿದ್ದದ್ದು. ಗಂಡಿಯಿಂದ ತೇವ ಒಳಗೆ ಬಂದೇ ಇರಲಿಲ್ಲ. ಅಲ್ಲಿಂದ ಬರುತ್ತಿದ್ದದ್ದು ತೇವವನ್ನು ಒಣಗಿಸುವ ಗಾಳಿ.

ಗಾಣಿಗ ಹಾರೆ ತಂದು ತಾನು ಮೆತ್ತಿದ್ದನ್ನು ತಾನೇ ಒಡೆಯತೊಡಗಿದ. ಗಟ್ಟಿಯಾಗಿಯೇ ಮೆತ್ತಿದ್ದ, ಸುಲಭಕ್ಕೆ ಬರಲಿಲ್ಲ. ಒಂದು ಕಡೆ ಕಲ್ಲು ಕಳಚುತ್ತಲೇ ಏರಿಯ ಕಡೆಯ ಗಾಳಿ ಒಳಗೆ ನುಗ್ಗಿತು. ಹಳೆಯ ಚಳಿ ಮತ್ತೆ ಕಾಲಿಗೆ ತಾಗಿತು.

“ಮಗೂನ ಕರ್ಕೊಂಡು ಬಂದಾಗ ಮತ್ತೆ ಥಂಡಿ ಹೊಡೆಯುತ್ತಲ್ಲಾ” ಎಂದು ಹೆಂಡತಿ ಸಂಕಟಪಟ್ಟಳು.

ಗಾಣಿಗ ಹಾರೆಗೆ ಒರಗಿ ನಿಂತು ಸುಧಾರಿಸಿಕೊಂಡ. “ಹೊಡೀಲಿ ಬಿಡೇ. ಥಂಡಿ ಆದ್ರೆ ಕಂಬಳಿ ಹೊದಿಸ್ಬಹುದು. ಕಾಲ ಕೆಳಗೆ ಹಲಗೇನೇ ಇಲ್ದಿದ್ರೆ ಏನು ಹೊದಿಸ್ತೀಯಾ?”

ಇಷ್ಟು ಹೇಳಿ ಗುರುಗಳು ದಾರವನ್ನು ಹಲ್ಲಿನಿಂದ ಕಡಿದರು. ಜೋಳಿಗೆಯನ್ನು ಕೊಡವಿ ಪಕ್ಕಕ್ಕಿಟ್ಟರು.

ಮರುಳಯ್ಯ, “ಮಗಳು ಆ ಮನೆಗೆ ತಿರುಗಿ ಬಂದಳೇ, ಬುದ್ಧಿ?” ಎಂದು ಕೇಳಿದ.

“ನಿನ್ನ ಅಕ್ಕ ಇನ್ನೂ ಜಗಲಿಯ ಮೇಲೇ ಕೂತಿದ್ದಾಳೆ, ಮರುಳಯ್ಯ” ಎಂದರು ಗುರುಗಳು.